ಹಾರಲಾರದ ಮಿಡತೆಯ ಆತ್ಮರಕ್ಷಣೆ

ಎಕ್ಕದ ಗಿಡದ ಮೇಲೆ ನೀಲಿ-ಹಳದಿ ಪಟ್ಟೆಯ ಮಿಡತೆ ಕುಳಿತಿರುವುದನ್ನು ರೈತ ಬಾಂಧವರು ನೋಡಿರಬಹುದು. ಅದರ ಮರಿಯನ್ನು ಹಿಡಿದರೆ ಕಹಿಯಾದ ದ್ರವವನ್ನು ಚಿಮ್ಮಿಸುತ್ತದೆ. ಇಂತಹ ರಕ್ಷಣೆಯನ್ನೇ ನಂಬಿ ಬದುಕುವ ಇನ್ನೊಂದು ಕೀಟ ಅಮೆರಿಕದ ಆಗ್ನೇಯ ರಾಜ್ಯಗಳ ಲಬ್ಬರ್ ಮಿಡತೆ. ಇದನ್ನು ಯಾವಾಗ ಹತೋಟಿ ಮಾಡಬೇಕೆಂಬುದು ಇದರ ಜೀವನಕ್ರಮದಿಂದಲೇ ತಿಳಿಯುತ್ತದೆ.

ಗುರುತು ಮತ್ತು ಜೀವನಕ್ರಮ

ಪ್ರೌಢ ಕೀಟ 5ರಿಂದ 8 ಸೆಂ.ಮೀ. ಉದ್ದವಿದ್ದು, ಹಳದಿ ಮೈಮೇಲೆ ಕಪ್ಪು ಗುರುತುಗಳಿರುತ್ತವೆ. ರೆಕ್ಕೆಗಳು ಗಿಡ್ಡವಾದ್ದರಿಂದ ಹಾರಲಾರದು. ದೂರ ನೆಗೆಯಲೂ ಆರದು. ಹೆಣ್ಣು ಮಿಡತೆ ಮಣ್ಣಿನಲ್ಲಿ ಗೊಂಚಲಿಗೆ ಸುಮಾರು 50ರವರೆಗೆ ಮೊಟ್ಟೆ ಇಡುತ್ತದೆ. ಚಳಿಗಾಲವನ್ನು ಮಣ್ಣಿನಲ್ಲೇ ಕಳೆದ ಮೊಟ್ಟೆಗಳು ವಸಂತದಲ್ಲಿ ಒಡೆಯುತ್ತವೆ. ಹಳದಿ ಗೆರೆಯುಳ್ಳ ಕಪ್ಪು ಮರಿಗಳು ಗುಂಪು ಗುಂಪಾಗಿ ಮೇಯುತ್ತವೆ. ವರ್ಷಕ್ಕೆ ಒಂದೇ ಪೀಳಿಗೆ.

ರಕ್ಷಣೆಯ ಬಗೆ

ಎದ್ದು ಕಾಣುವ ಬಣ್ಣವೇ ಮೊದಲ ಎಚ್ಚರಿಕೆ. ಶತ್ರು ಸಮೀಪಿಸಿದರೆ ಪ್ರೌಢ ಮಿಡತೆ ರೆಕ್ಕೆ ಎತ್ತಿ, ಒಳಗಿನ ಕೆಂಪು ಬಣ್ಣವನ್ನು ತೋರಿಸುತ್ತದೆ. ಆಮೇಲೆ ಎದೆಭಾಗದ ಉಸಿರುರಂಧ್ರಗಳಿಂದ ಬುಸ್ಸೆನ್ನುತ್ತಾ ದುರ್ವಾಸನೆಯ ನೊರೆಯನ್ನು ಹೊರಹಾಕುತ್ತದೆ. ಬಾಯಿಂದಲೂ ಕಂದು ರಸವನ್ನು ಕಕ್ಕುತ್ತದೆ. ಇದನ್ನು ನುಂಗಿದ ಹಕ್ಕಿಗಳು ವಾಂತಿ ಮಾಡಿಕೊಳ್ಳುವುದುಂಟು. ಆದರೆ ಅಲ್ಲಿನ ಒಂದು ಜಾತಿಯ ಕಳಿಂಗ ಪಕ್ಷಿ ಇದಕ್ಕೂ ಉಪಾಯ ಕಂಡುಕೊಂಡಿದೆ. ಮಿಡತೆಯನ್ನು ಕೊಂದು ಮುಳ್ಳಿಗೋ ಮುಳ್ಳುತಂತಿಗೋ ಚುಚ್ಚಿಟ್ಟು, ಒಂದೆರಡು ದಿನಗಳಲ್ಲಿ ವಿಷ ಕುಂದಿದ ಮೇಲೆ ತಿನ್ನುತ್ತದೆ.

ನೊರೆಯಲ್ಲಿರುವ ರಾಸಾಯನಿಕಗಳು ಮಿಡತೆ ತಿನ್ನುವ ಆಹಾರವನ್ನು ಅನುಸರಿಸಿ ಬದಲಾಗುತ್ತವೆ. 1971ರಲ್ಲಿ ವಿಜ್ಞಾನಿಗಳು ಈ ನೊರೆಯಲ್ಲಿ ಇರುವೆಗಳನ್ನು ದೂರವಿಡುವ ಕ್ಲೋರಿನ್‌ಯುಕ್ತ ವಸ್ತುವೊಂದನ್ನು ಕಂಡರು. ಕಳೆನಾಶಕ ತಗಲಿದ ಗಿಡಗಳನ್ನು ತಿಂದದ್ದರಿಂದ ಇದು ಬಂದಿರಬೇಕೆಂದು ಅವರು ಶಂಕಿಸಿದರು. ನಾವು ಸಿಂಪಡಿಸಿದ್ದು ಎಲ್ಲಿಗೆ ಹೋಗಿ ಸೇರುತ್ತದೆಂಬುದಕ್ಕೆ ಇದೊಂದು ಎಚ್ಚರಿಕೆ.

ಹತೋಟಿ

ಬೆಳೆದ ಲಬ್ಬರ್ ಮಿಡತೆ ಕೀಟನಾಶಕಕ್ಕೆ ಸುಲಭವಾಗಿ ಬಗ್ಗದು. ಆ ಹಂತದಲ್ಲಿ ಸಿಂಪಡಿಸಿದರೆ ಖರ್ಚು ಹೆಚ್ಚು, ಫಲ ಕಡಿಮೆ. ಮರಿಗಳು ಗುಂಪಾಗಿರುವಾಗಲೇ ಆರಿಸಿ ಸಾಬೂನು ನೀರಿಗೆ ಹಾಕುವುದು, ಕಾಲುವೆ ಮತ್ತು ಬದುಗಳ ಕಳೆಯನ್ನು ಕತ್ತರಿಸುವುದು ಅಲ್ಲಿ ಸೂಚಿಸುವ ಕ್ರಮಗಳು.

ನಮ್ಮ ಜೋಳದ ಬೆಳೆಗೆ ಬೀಳುವ ದಖನ್ ಮಿಡತೆಗೂ ಈ ಮಾತು ಹೊಂದುತ್ತದೆ. ಇದರ ಶಾಸ್ತ್ರೀಯ ಹೆಸರು ಕೋಲ್ಮೇನಿಯ ಸ್ಫೆನಾರಿಯಾಯ್ಡಿಸ್. ಮೈಸೂರು ಸಂಸ್ಥಾನದಲ್ಲಿ ಕೃಷಿ ನಿರ್ದೇಶಕರಾಗಿದ್ದ ಡಾ. ಲೆಸ್ಲಿ ಕೋಲ್ಮನ್ ಅವರ ಹೆಸರನ್ನೇ ಇದಕ್ಕೆ ಇಡಲಾಗಿದೆ. ಇದೂ ಹಾರಲಾರದು; ಮೊಟ್ಟೆಯನ್ನು ಹೊಲದ ಮಣ್ಣಿನಲ್ಲೇ ಇಡುತ್ತದೆ; ಮುಂಗಾರಿನಲ್ಲಿ ಮರಿಗಳು ಹೊರಬರುತ್ತವೆ. ಕೊಯ್ಲಿನ ನಂತರ ಆಳವಾಗಿ ಉತ್ತರೆ ಮೊಟ್ಟೆಗಳು ಮೇಲೆ ಬಂದು, ಬಿಸಿಲಿಗೆ ಒಣಗುತ್ತವೆ, ಹಕ್ಕಿಗಳಿಗೂ ಆಹಾರವಾಗುತ್ತವೆ. ದೂರದಿಂದ ಹಾರಿಬರುವ ಕೀಟವಲ್ಲವಾದ್ದರಿಂದ, ನೆರೆಹೊರೆಯ ರೈತರು ಒಟ್ಟಾಗಿ ಈ ಕೆಲಸ ಮಾಡಿದರೆ ಮುಂದಿನ ವರ್ಷದ ಬಾಧೆ ಗಣನೀಯವಾಗಿ ತಗ್ಗುತ್ತದೆ.