ಬಿದ್ದು ಮಂಡಿಗೆ ಪೆಟ್ಟಾದರೆ: ಚಿಕಿತ್ಸೆಯೂ ಪರಿಹಾರವೂ

ಮಳೆಗಾಲ ಬಂತೆಂದರೆ ವೈದ್ಯರ ಬಳಿಗೆ ಮಂಡಿ ಹಿಡಿದುಕೊಂಡು ಬರುವವರ ಸಂಖ್ಯೆ ಹೆಚ್ಚುತ್ತದೆ. ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿದವರು, ಚಪ್ಪಡಿ ಸರಿದ ಫುಟ್‌ಪಾತಿನಲ್ಲಿ ಕಾಲು ಸಿಕ್ಕಿಕೊಂಡವರು, ಇನ್ನೂ ಇಳಿಯುತ್ತಿರುವಾಗಲೇ ಚಾಲಕ ಬಸ್ಸು ಬಿಟ್ಟಿದ್ದರಿಂದ ಮುಗ್ಗರಿಸಿದವರು. ಇವರಲ್ಲಿ ಅನೇಕರು ಹೇಳುವ ಮಾತು ಒಂದೇ: "ಏನಿಲ್ಲ ಡಾಕ್ಟ್ರೇ, ಸುಮ್ಮನೆ ಬಿದ್ದೆ." ಚೀಟಿಯ ಮೇಲೆ ಅಷ್ಟೇ ದಾಖಲಾದರೆ ಮುಂದೆ ಚಿಕಿತ್ಸೆಗೂ ತೊಡಕು, ನ್ಯಾಯವಾಗಿ ಬರಬೇಕಾದ ಪರಿಹಾರಕ್ಕೂ ತೊಡಕು.

ಹೇಗೆ ಬಿದ್ದಿರಿ ಎಂಬುದರಲ್ಲೇ ಅರ್ಧ ರೋಗನಿರ್ಣಯ ಅಡಗಿದೆ. ತೊಡೆಮೂಳೆ ಮತ್ತು ಅದರ ಕೆಳಗಿನ ದಪ್ಪ ಮೂಳೆ ಕೂಡುವ ಜಾಗ ಮಂಡಿ. ಮುಂದೆ ಚಿಪ್ಪು, ನಡುವೆ ಮೆತ್ತೆಯಂತೆ ಎರಡು ಅರ್ಧಚಂದ್ರಾಕಾರದ ಮೃದ್ವಸ್ಥಿಗಳು, ಎಲ್ಲವನ್ನೂ ಬಿಗಿದು ಹಿಡಿಯಲು ನಾಲ್ಕು ಮುಖ್ಯ ಅಸ್ಥಿರಜ್ಜುಗಳು, ಅಂದರೆ ಲಿಗಮೆಂಟುಗಳು. ನೇರವಾಗಿ ಮಂಡಿಯೂರಿ ಬಿದ್ದರೆ ಚಿಪ್ಪು ಒಡೆಯಬಹುದು. ಪಾದ ನೆಲದಲ್ಲಿ ಕಚ್ಚಿಕೊಂಡಿದ್ದು ಮೈ ಮಾತ್ರ ತಿರುಚಿದರೆ ಮುಂಭಾಗದ ಲಿಗಮೆಂಟೋ ಮೆತ್ತೆಯೋ ಹರಿಯುತ್ತದೆ. ಎತ್ತರದಿಂದ ಕಾಲೂರಿ ಬಿದ್ದವರಲ್ಲಿ ಕೆಳಗಿನ ಮೂಳೆಯ ಮೇಲ್ಭಾಗವೇ ಕುಸಿದಿರಬಹುದು.

ಊತ ಯಾವಾಗ ಬಂತು ಎಂಬುದನ್ನೂ ಗಮನಿಸಿ. ಒಂದೆರಡು ಗಂಟೆಯೊಳಗೆ ಮಂಡಿ ತುಂಬಿಕೊಂಡರೆ ಒಳಗೆ ರಕ್ತ ಸೇರಿದೆ ಎಂದು ಶಂಕಿಸಬೇಕು. ಲಿಗಮೆಂಟ್ ಹರಿದಿರುವ ಅಥವಾ ಮೂಳೆ ಬಿರುಕು ಬಿಟ್ಟಿರುವ ಸಾಧ್ಯತೆ ಹೆಚ್ಚು. ಮಾರನೆಯ ದಿನ ನಿಧಾನವಾಗಿ ಬರುವ ಊತ ಸಾಮಾನ್ಯವಾಗಿ ಮೆತ್ತೆಯ ಗಾಯದ್ದು. ನಾಲ್ಕು ಹೆಜ್ಜೆಯೂ ಊರಲಾಗದಿದ್ದರೆ, ಮಂಡಿಯನ್ನು ಲಂಬಕೋನದಷ್ಟು ಮಡಿಸಲಾಗದಿದ್ದರೆ, ಚಿಪ್ಪನ್ನು ಮುಟ್ಟಿದರೆ ನೋವಿದ್ದರೆ, ಅಥವಾ ಗಾಯಾಳುವಿಗೆ 55 ವರ್ಷ ದಾಟಿದ್ದರೆ ಎಕ್ಸ್‌ರೇ ಬೇಕು. ಮಲಗಿಕೊಂಡು ಕಾಲನ್ನು ನೆಟ್ಟಗೆ ಮೇಲೆತ್ತಲು ಸಾಧ್ಯವೇ ಆಗದಿದ್ದರೆ ಅಥವಾ ಮಂಡಿ ಅರ್ಧಕ್ಕೆ ಸಿಕ್ಕಿಕೊಂಡು ಬಿಚ್ಚದಿದ್ದರೆ ತಡಮಾಡದೆ ಮೂಳೆತಜ್ಞರನ್ನು ಕಾಣಿರಿ. ಪಾದ ತಣ್ಣಗಾಗಿದ್ದರೆ, ಜೋಮು ಹಿಡಿದಿದ್ದರೆ ಅದು ತುರ್ತು ಪರಿಸ್ಥಿತಿ. ರಕ್ತನಾಳಕ್ಕೆ ಪೆಟ್ಟಾಗಿದ್ದರೆ ಕೆಲವೇ ಗಂಟೆಗಳಲ್ಲಿ ಕಾಲಿಗೇ ಸಂಚಕಾರ.

ಮನೆಯಲ್ಲಿ ಮಾಡಬೇಕಾದ್ದು ಕಡಿಮೆ. ಕಾಲಿಗೆ ವಿಶ್ರಾಂತಿ ಕೊಟ್ಟು ದಿಂಬಿನ ಮೇಲೆ ಎತ್ತರಿಸಿಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15-20 ನಿಮಿಷ ಇಟ್ಟು ತೆಗೆಯಿರಿ, ಕೆಲವು ಗಂಟೆ ಬಿಟ್ಟು ಮತ್ತೆ ಇಡಿ. ಬಿಸಿ ಎಣ್ಣೆ ಹಚ್ಚಿ ತಿಕ್ಕುವುದು, ಊದಿದ ಮಂಡಿಯನ್ನು ಎಳೆಸಿ ಬಿಗಿಯಾಗಿ ಕಟ್ಟಿಸುವುದು ಬೇಡ. ನಾಟಿ ಕಟ್ಟಿನ ಮೇಲೆ ನಮ್ಮ ಜನರಿಗೆ ನಂಬಿಕೆ ಹೆಚ್ಚು ಎಂಬುದು ಗೊತ್ತಿದ್ದೇ ಈ ಮಾತು ಹೇಳುತ್ತಿದ್ದೇನೆ. ಒಳಗೆ ಏನಾಗಿದೆ ಎಂದು ತಿಳಿಯುವ ಮುನ್ನ ಎಳೆದರೆ ಬಿರುಕು ಮುರಿತವಾಗುತ್ತದೆ.

ಅನೇಕ ಕುಟುಂಬಗಳು ಎಡವುವುದು ಎಕ್ಸ್‌ರೇ ಆದ ಮೇಲೆ. "ಮೂಳೆ ಸರಿಯಿದೆ" ಎಂದೊಡನೆ ನೋವಿನ ಮಾತ್ರೆ ತೆಗೆದುಕೊಂಡು ಸುಮ್ಮನಾಗುತ್ತಾರೆ. ಆದರೆ ಲಿಗಮೆಂಟು, ಮೆತ್ತೆಗಳು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಊತ ಇಳಿದ ಮೇಲೂ ಮೆಟ್ಟಿಲಿಳಿಯುವಾಗ ಮಂಡಿ ಕುಸಿದಂತಾದರೆ ಪುನಃ ಪರೀಕ್ಷೆ ಬೇಕು, ಕೆಲವೊಮ್ಮೆ ಎಂಆರ್‌ಐ ಬೇಕು. ಎರಡು ತಿಂಗಳ ನಂತರ ಲಿಗಮೆಂಟ್ ಹರಿದಿದೆ ಎಂದು ತಿಳಿದಾಗ ಎದುರು ಪಕ್ಷದವರು ಕೇಳುವ ಮೊದಲ ಪ್ರಶ್ನೆ: ಇದು ಆ ದಿನದ ಪೆಟ್ಟೇ ಎನ್ನಲು ಏನು ಆಧಾರ?

ಉತ್ತರ ಇರುವುದು ಮೊದಲ ದಿನದ ಚೀಟಿಯಲ್ಲಿ. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಕಾರಣದಿಂದ ಬಿದ್ದಿರಿ, ಯಾವ ಮಂಡಿ ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಿ, ಬರೆಸಿಕೊಳ್ಳಿ. ಮೊದಲೇ ಸಂಧಿವಾತ ಇದ್ದರೆ ಅದನ್ನೂ ಮುಚ್ಚಿಡಬೇಡಿ. ಸವೆದ ಮಂಡಿಯವರಿಗೆ ಪೆಟ್ಟಾದರೂ ಪರಿಹಾರ ಕೇಳಬಹುದು. ಮುಚ್ಚಿಟ್ಟದ್ದು ಬಯಲಾದರೆ ಮಾತ್ರ ಇಡೀ ಹೇಳಿಕೆಯ ಮೇಲೆ ಅನುಮಾನ ಬರುತ್ತದೆ. ಇನ್ನೊಬ್ಬರ ತಪ್ಪಿನಿಂದ ಪೆಟ್ಟಾಗಿದ್ದರೆ ವೈದ್ಯ-ಕಾನೂನು ಪ್ರಕರಣವೆಂದು, ಅಂದರೆ ಎಂಎಲ್‌ಸಿ ಎಂದು, ನಮೂದಿಸಲು ಹೇಳಿ. ಪೊಲೀಸರು ಗಾಯದ ಪ್ರಮಾಣಪತ್ರ ಪಡೆಯುತ್ತಾರೆ. ಮೊದಲ ದಿನದ ಎಕ್ಸ್‌ರೇ ನೋಡಿ ಅದರಲ್ಲಿ "ಸಾಧಾರಣ ಗಾಯ" ಎಂದು ಬರೆದಿದ್ದರೆ ಅದೇ ಕೊನೆಯ ಮಾತಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಂತೆ ಮೂಳೆ ಮುರಿತವಷ್ಟೇ ಅಲ್ಲ, 15 ದಿನ ತೀವ್ರ ನೋವಿನಿಂದ ನರಳಿಸಿದ ಅಥವಾ ದೈನಂದಿನ ಕೆಲಸ ಮಾಡಲಾಗದಂತೆ ಮಾಡಿದ ಪೆಟ್ಟೂ ತೀವ್ರ ಗಾಯವೇ. ಎಂಆರ್‌ಐ ವರದಿ ಬಂದೊಡನೆ ತನಿಖಾಧಿಕಾರಿಗೆ ಒಪ್ಪಿಸಿ. ಆಸ್ಪತ್ರೆಯ ದಾಖಲೆಗಳ ಪ್ರತಿ ಪಡೆಯುವುದು ರೋಗಿಯ ಹಕ್ಕು. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ.

ಇನ್ನು ಯಾರ ಬಾಗಿಲು ತಟ್ಟಬೇಕು? ಅದು ಬಿದ್ದ ಜಾಗವನ್ನು ಅವಲಂಬಿಸಿದೆ. ಬಸ್ಸು, ಆಟೋ, ಬೈಕು ಯಾವುದೇ ಇರಲಿ, ವಾಹನದಿಂದಾದ ಪೆಟ್ಟಿಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಇದೆ. ನೀವು ವಾಸವಿರುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಬಹುದು. 2019ರ ತಿದ್ದುಪಡಿ ಇದಕ್ಕೆ 6 ತಿಂಗಳ ಗಡುವು ಹಾಕಿದೆ, ಆದ್ದರಿಂದ ಮಂಡಿ ಪೂರ್ತಿ ವಾಸಿಯಾಗಲಿ ಎಂದು ಕಾಯಬೇಡಿ. ಟಿಕೆಟನ್ನು ಎಸೆಯಬೇಡಿ. ರೈಲು ಹತ್ತುವಾಗ, ಇಳಿಯುವಾಗ ಆಕಸ್ಮಿಕವಾಗಿ ಬಿದ್ದವರು ರೈಲ್ವೆಯ ತಪ್ಪನ್ನು ಸಾಬೀತು ಮಾಡಬೇಕಾಗಿಲ್ಲ. ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ಲಿಗೆ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಬೆಂಗಳೂರಿನಲ್ಲಿ ಅದರ ಪೀಠವಿದೆ. ಕುಡಿದು ಬಿದ್ದವರಿಗೆ ಇದು ಅನ್ವಯಿಸದು.

ಹೋಟೆಲ್, ಮಾಲ್, ಖಾಸಗಿ ಆಸ್ಪತ್ರೆಗಳಲ್ಲಿ ಒದ್ದೆ ನೆಲದ ಮೇಲೆ ಜಾರಿದ ಗ್ರಾಹಕರು 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಹಣ ಕೊಟ್ಟು ಸೇವೆ ಪಡೆದದ್ದಕ್ಕೆ ಬಿಲ್ಲು ಇರಬೇಕು. ಕೆಲಸದ ಜಾಗದಲ್ಲಿ ಬಿದ್ದವರು ಮಾಲೀಕರಿಗೆ ಅಂದೇ ಲಿಖಿತವಾಗಿ ತಿಳಿಸಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನೌಕರರ ಪರಿಹಾರಕ್ಕೂ ಇಎಸ್‌ಐ ಸೌಲಭ್ಯಕ್ಕೂ ಪ್ರತ್ಯೇಕ ಅಧ್ಯಾಯಗಳಿವೆ.

ಕಷ್ಟದ ದಾರಿ ರಸ್ತೆಗುಂಡಿ, ತೆರೆದ ಚರಂಡಿಗಳದ್ದು. ದೆಹಲಿಯ ಚಾಂದನಿ ಚೌಕದಲ್ಲಿ ಗಡಿಯಾರ ಗೋಪುರ ಕುಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1966ರಲ್ಲಿ ನಗರಾಡಳಿತವನ್ನು ಹೊಣೆ ಮಾಡಿತು. ಆದರೆ 1997ರಲ್ಲಿ, ರಾಜಕೋಟದಲ್ಲಿ ರಸ್ತೆ ಬದಿಯ ಮರ ಬಿದ್ದ ಪ್ರಕರಣದಲ್ಲಿ, ಪಾಲಿಕೆ ಹೊಣೆಯಲ್ಲ ಎಂದಿತು. ಹೀಗಾಗಿ ಆಡಳಿತಕ್ಕೆ ಅಪಾಯ ಮೊದಲೇ ಗೊತ್ತಿತ್ತು ಎಂದು ತೋರಿಸಬಲ್ಲ ಕಾಗದಕ್ಕೆ ಬೆಲೆ ಹೆಚ್ಚು. ಬೀದಿಯವರು ಹಿಂದೆ ಕೊಟ್ಟ ದೂರಿನ ಪ್ರತಿ ಹುಡುಕಿ. ಗುಂಡಿಯ ಫೋಟೋವನ್ನು ಅಂದೇ ತೆಗೆಸಿ. ಗುಂಡಿ ಮುಚ್ಚುವ ಉತ್ಸಾಹ ಕೆಲವೊಮ್ಮೆ ಯಾರಾದರೂ ಬಿದ್ದ ಮಾರನೆಯ ದಿನವೇ ಬರುತ್ತದೆ!

ಅಂಗವೈಕಲ್ಯದ ಪ್ರಮಾಣಪತ್ರದ ಬಗ್ಗೆಯೂ ಒಂದು ಮಾತು. ಕಾಲಿಗೆ ಶೇಕಡಾ 20 ಊನ ಎಂದರೆ ಸಂಪಾದನೆಯೂ ಅಷ್ಟೇ ಕುಗ್ಗಿತೆಂದು ಅರ್ಥವಲ್ಲ ಎಂದು ಸುಪ್ರೀಂ ಕೋರ್ಟು 2010ರಲ್ಲೇ ವಿವರಿಸಿದೆ. ಕುಕ್ಕರಗಾಲಿನಲ್ಲಿ ಕೂತು ಟೈಲ್ಸ್ ಹಾಕುವವನಿಗೂ ಮೇಜಿನ ಮುಂದೆ ಕೂರುವ ಗುಮಾಸ್ತನಿಗೂ ಒಂದೇ ಮಂಡಿ ಒಂದೇ ನಷ್ಟ ತರುವುದಿಲ್ಲ. ನಿಮ್ಮ ಕೆಲಸ ಎಂಥದು ಎಂಬುದೂ ದಾಖಲೆಯಲ್ಲಿ ಬರಲಿ.

ಮನೆಯ ಬಚ್ಚಲಲ್ಲಿ ಜಾರಿದರೆ ದಾವೆ ಹೂಡುವುದು ಯಾರ ಮೇಲೆ? ಅಲ್ಲಿ ವೈಯಕ್ತಿಕ ವಿಮೆಯೇ ಗತಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ವಿಮೆ ಸಾವಿಗೆ ಹಾಗೂ ಕೈಕಾಲು, ಕಣ್ಣುಗಳ ಶಾಶ್ವತ ನಷ್ಟಕ್ಕೆ ಹಣ ಕೊಡುತ್ತದೆಯೇ ಹೊರತು ಹರಿದ ಲಿಗಮೆಂಟಿನ ಆಪರೇಷನ್ ಖರ್ಚಿಗಲ್ಲ.

ಆಸ್ಪತ್ರೆಯ ವರಾಂಡದಲ್ಲೇ "ಬಂದದ್ದರಲ್ಲಿ ಇಷ್ಟು ಪಾಲು" ಎಂದು ಕೇಸು ಹಿಡಿಯಲು ಬರುವ ದಲ್ಲಾಳಿಗಳನ್ನು ದೂರವಿಡಿ. ಪರಿಹಾರದಲ್ಲಿ ಪಾಲು ಕೇಳುವುದಕ್ಕೆ ವಕೀಲರಿಗೆ ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶವಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಾರ್ಖಾನೆ ಕಾರ್ಮಿಕರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯಬಹುದು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ.