ಕಿರಿಯರ ಮಾತು ಕ್ಯಾಪ್ಟನ್ ಕಿವಿಗೆ ಬೀಳಬೇಕಾದರೆ

1990ರ ದಶಕದ ಆರಂಭದಲ್ಲಿ ಹಾರ್ವರ್ಡ್‌ನ ಸಂಶೋಧನಾ ವಿದ್ಯಾರ್ಥಿನಿ ಏಮಿ ಎಡ್ಮಂಡ್‌ಸನ್ ಎರಡು ಆಸ್ಪತ್ರೆಗಳ ಎಂಟು ವಿಭಾಗಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳ ಲೆಕ್ಕ ನೋಡುತ್ತಿದ್ದರು. ಹೊಂದಿಕೊಂಡು ದುಡಿಯುವ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂಬುದು ಅವರ ಎಣಿಕೆ. ಅಂಕಿಗಳು ಉಲ್ಟಾ ಬಂದವು. ಒಳ್ಳೆಯ ಮುಖ್ಯಸ್ಥೆ ಇದ್ದ, ಒಗ್ಗಟ್ಟಿದ್ದ ವಿಭಾಗಗಳಲ್ಲೇ ಹೆಚ್ಚು ತಪ್ಪುಗಳು ಪತ್ತೆಯಾಗಿದ್ದವು!

ಈ ಲೆಕ್ಕದ ಸುಳಿವೇ ಇಲ್ಲದ ಸಹಾಯಕನೊಬ್ಬನನ್ನು ಆ ವಿಭಾಗಗಳ ಕೆಲಸದ ರೀತಿ ನೋಡಿ ಬರಲು ಕಳುಹಿಸಲಾಯಿತು. ಆತ ತಂದ ವಿವರ ಗಂಟು ಬಿಡಿಸಿತು. ಕೆಲವು ಕಡೆ ನರ್ಸ್‌ಗಳು ತಮ್ಮ ಕೈತಪ್ಪನ್ನು ಮುಖ್ಯಸ್ಥೆಯ ಬಳಿ ಅಳುಕಿಲ್ಲದೆ ಹೇಳಿಕೊಳ್ಳುತ್ತಿದ್ದರು. ಇನ್ನು ಕೆಲವೆಡೆ ಬೈಗುಳಕ್ಕೆ ಹೆದರಿ ಬಾಯಿ ಬಿಡುತ್ತಿರಲಿಲ್ಲ. ಒಳ್ಳೆಯ ತಂಡಗಳ ಪಟ್ಟಿ ಉದ್ದವಾಗಿದ್ದುದು ಈ ಕಾರಣಕ್ಕೆ.

ಮುಂದೆ 1999ರಲ್ಲಿ, ಒಂದು ಉತ್ಪಾದನಾ ಕಂಪನಿಯ 51 ತಂಡಗಳನ್ನು ಅಭ್ಯಸಿಸಿ ಅವರು ಇದನ್ನು ‘ಮಾನಸಿಕ ಸುರಕ್ಷತೆ’ ಎಂಬ ಹೆಸರಿನಲ್ಲಿ ಅಳೆದು ತೋರಿಸಿದರು. ಗೊತ್ತಿಲ್ಲದ್ದನ್ನು ಕೇಳಿದರೆ ದಡ್ಡ ಎನಿಸಿಕೊಳ್ಳುವ ಭಯ ಇಲ್ಲದಿರುವುದೇ ಅದರ ತಿರುಳು. ಗೂಗಲ್ 2012ರಲ್ಲಿ ಶುರುಮಾಡಿದ, ತನ್ನದೇ 180 ತಂಡಗಳ ಅಧ್ಯಯನದಲ್ಲೂ ಈ ಗುಣವೇ ಮೊದಲ ಸ್ಥಾನಕ್ಕೆ ಬಂತು.

ಮನುಷ್ಯ ಸುಮ್ಮನಿರುವುದಕ್ಕೆ ಹೇಡಿತನವೇ ಕಾರಣ ಆಗಬೇಕಿಲ್ಲ. ಬಾಯಿ ಮುಚ್ಚಿಕೊಂಡರೆ ಲಾಭ ತನಗೆ, ಅದೂ ಆ ಕ್ಷಣಕ್ಕೇ. ಮಾತಾಡಿದರೆ ಲಾಭ ರೋಗಿಗೋ ಗ್ರಾಹಕನಿಗೋ, ಅದೂ ಯಾವಾಗಲೋ. ಬುದ್ಧಿವಂತ ನೌಕರ ಈ ಲೆಕ್ಕವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹಾಕಿಬಿಡುತ್ತಾನೆ. ಮೀಟಿಂಗ್ ಮುಗಿಯುವಾಗ ಬಾಸ್ ‘ಎನಿ ಡೌಟ್ಸ್?’ ಎಂದರೆ ಎಲ್ಲರೂ ಲ್ಯಾಪ್‌ಟಾಪ್ ಮಡಚುವುದನ್ನು ನೋಡದವರು ಯಾರಿದ್ದಾರೆ?

ವಿಮಾನಯಾನ ಈ ಪಾಠ ಕಲಿತದ್ದು ಜೀವಗಳನ್ನು ತೆತ್ತು. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-8 ವಿಮಾನದ ಚಕ್ರಗಳಲ್ಲಿ ತೊಂದರೆ ಕಾಣಿಸಿತು. ಕ್ಯಾಪ್ಟನ್ ಅದರಲ್ಲೇ ಮುಳುಗಿ ಸುಮಾರು ಒಂದು ಗಂಟೆ ಆಕಾಶದಲ್ಲೇ ಸುತ್ತು ಹಾಕಿಸಿದರು. ಇಂಧನ ಇಳಿಯುತ್ತಿರುವುದು ಸಹೋದ್ಯೋಗಿಗಳಿಗೆ ಕಾಣುತ್ತಿತ್ತು. ಹೇಳಿದರೂ ಒತ್ತಿ ಹೇಳಲಿಲ್ಲ. ಇಂಧನ ತೀರಿ ವಿಮಾನ ಊರಂಚಿನಲ್ಲಿ ಬಿತ್ತು, ಹತ್ತು ಮಂದಿ ಸತ್ತರು. ಮರುವರ್ಷ ನಾಸಾ ಈ ವಿಷಯದ ಮೇಲೆ ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ತನ್ನ ಪೈಲಟ್‌ಗಳಿಗೆ ತರಬೇತಿ ಆರಂಭಿಸಿತು. ಕಿರಿಯರು ಗಟ್ಟಿಯಾಗಿ ಹೇಳುವುದನ್ನೂ, ಕ್ಯಾಪ್ಟನ್ ಕೇಳಿ ತಿಳಿದುಕೊಳ್ಳುವುದನ್ನೂ ಅದರಲ್ಲಿ ಅಭ್ಯಾಸ ಮಾಡಿಸುತ್ತಿದ್ದರು.

ಫಲ ಕಂಡದ್ದು 1989ರ ಜುಲೈನಲ್ಲಿ. ಅದೇ ಕಂಪನಿಯ ಡಿಸಿ-10ರ ಬಾಲದ ಎಂಜಿನ್ ಸಿಡಿದು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಕೈಕೊಟ್ಟವು. ಅನುಭವಿ ಕ್ಯಾಪ್ಟನ್ ಆಲ್ ಹೇನ್ಸ್ ಎಲ್ಲ ತಿಳಿದವರಂತೆ ನಟಿಸಲಿಲ್ಲ. ಪ್ರಯಾಣಿಕರಾಗಿ ಕುಳಿತಿದ್ದ ತರಬೇತುದಾರ ಪೈಲಟ್ ಡೆನಿಸ್ ಫಿಚ್ ಅವರನ್ನು ಕಾಕ್‌ಪಿಟ್ಟಿಗೆ ಕರೆಸಿ ಎಂಜಿನ್ ಥ್ರಾಟಲ್‌ಗಳನ್ನು ಅವರ ಕೈಗಿತ್ತರು. ಸೂ ಸಿಟಿಯಲ್ಲಿ ಅಪ್ಪಳಿಸಿ ಇಳಿದ ಆ ವಿಮಾನದ 296 ಜನರಲ್ಲಿ 184 ಮಂದಿ ಬದುಕಿದರು. ಇದರ ಶ್ರೇಯಸ್ಸನ್ನು ಹೇನ್ಸ್ ಆ ತರಬೇತಿಗೆ ಕೊಡುತ್ತಿದ್ದರು.

ಕರಾವಳಿಯವರಿಗೆ 2010ರ ಮೇ 22 ಮರೆಯುವಂಥದ್ದಲ್ಲ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಉರುಳಿತು. 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಇಳಿಯಬೇಡಿ, ಮತ್ತೆ ಮೇಲೇರಿಸಿ ಎಂದು ಸಹಪೈಲಟ್ ಮೂರು ಬಾರಿ ಹೇಳಿದ್ದರೂ ಕ್ಯಾಪ್ಟನ್ ಇಳಿಸಲು ಹೊರಟದ್ದೇ ದುರಂತಕ್ಕೆ ಕಾರಣ ಎಂದು ತನಿಖಾ ನ್ಯಾಯಾಲಯ ಹೇಳಿತು. ವರದಿಯ ಇನ್ನೊಂದು ಮಾತು ಹೆಚ್ಚು ಕಾಡುತ್ತದೆ: ಸಹಪೈಲಟ್ ತಾನೇ ನಿಯಂತ್ರಣ ತೆಗೆದುಕೊಳ್ಳಬಹುದೇ ಎಂಬ ಬಗ್ಗೆ ನಿಯಮಗಳಲ್ಲಿ ಸ್ಪಷ್ಟತೆ ಇರಲಿಲ್ಲ. ಇಲ್ಲಿ ಕಿರಿಯರು ಮಾತಾಡಿದ್ದರು. ಕೇಳುವ ಕಿವಿಯೂ ಇರಲಿಲ್ಲ, ಕೈಹಾಕುವ ಅಧಿಕಾರವೂ ಖಚಿತವಿರಲಿಲ್ಲ.

ಹಾಗಾದರೆ ನಿಯಮ ಬರೆದರೆ ಸಾಕೇ? ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ ಒಂದು ತಪಾಸಣಾ ಪಟ್ಟಿ ಹೊರತಂದಿತು. ಕತ್ತರಿ ಹಾಕುವ ಮುನ್ನ ಆಪರೇಷನ್ ಥಿಯೇಟರ್‌ನಲ್ಲಿರುವ ಪ್ರತಿಯೊಬ್ಬರೂ ಹೆಸರು, ಕೆಲಸ ಹೇಳಿಕೊಳ್ಳಬೇಕು ಎಂಬುದು ಅದರಲ್ಲೊಂದು ಅಂಶ. ದೆಹಲಿ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು. ಆದರೆ ಕೆನಡಾದ ಆಂಟೇರಿಯೊ ಪ್ರಾಂತ್ಯ ಅದೇ ಪಟ್ಟಿಯನ್ನು ಕಡ್ಡಾಯ ಮಾಡಿದ ಬಳಿಕ 101 ಆಸ್ಪತ್ರೆಗಳಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ ಎಂದು 2014ರ ಅಧ್ಯಯನ ತಿಳಿಸಿತು. ಪಟ್ಟಿಗೆ ಟಿಕ್ ಹಾಕುವುದಷ್ಟೇ ನಡೆದಿರಬಹುದು ಎಂಬುದು ಕೆಲವು ತಜ್ಞರ ವಿವರಣೆ. ‘ಮುಕ್ತವಾಗಿ ಮಾತಾಡಿ’ ಎಂಬ ಪೋಸ್ಟರ್ ಅಂಟಿಸಲು ಹೊರಟ ಎಚ್‌ಆರ್ ವಿಭಾಗಗಳು ಮೊದಲು ಆಂಟೇರಿಯೊದ ಅಂಕಿಗಳನ್ನು ಓದಿಕೊಳ್ಳಲಿ.