ಉಗ್ರಾಣ ಹಲವು, ಪ್ರಶ್ನೆಪತ್ರಿಕೆ ಒಂದೇ

ದ್ವಿತೀಯ ಪಿಯುಸಿ ಮುಗಿಸಿದವರು ಬಿಟ್ಟುಹೋಗುವ ಪಠ್ಯಪುಸ್ತಕಗಳನ್ನು ಹೊಸ ವಿದ್ಯಾರ್ಥಿಗಳಿಗೆ ವರ್ಷದ ಮಟ್ಟಿಗೆ ಕೊಡುವ ಬುಕ್ ಬ್ಯಾಂಕ್ ನಮ್ಮ ಕಾಲೇಜಿನಲ್ಲಿ ಇರುವುದು ನಿಮಗೆಲ್ಲ ಗೊತ್ತು. ಕಳೆದ ವರ್ಷ ಅದರ ಲೆಕ್ಕವನ್ನು ಪುಸ್ತಕದಿಂದ ಕಂಪ್ಯೂಟರಿಗೆ ತರುವ ಕೆಲಸವನ್ನು ನಾವು ನಾಲ್ವರು ಗೆಳೆಯರು ವಹಿಸಿಕೊಂಡೆವು. ಪೈಥಾನ್‌ನಲ್ಲಿ ಸಣ್ಣದೊಂದು ಪ್ರೋಗ್ರಾಂ ಬರೆದೆವು. ಮನೆಯ ಲ್ಯಾಪ್‌ಟಾಪಿನಲ್ಲಿ ಅದು ಚೆನ್ನಾಗಿ ನಡೆಯಿತು. ಲ್ಯಾಬಿನಲ್ಲೂ ನಡೆಯಿತು ಎಂದೇ ನಾವು ನಂಬಿದ್ದೆವು.

ವರ್ಷದ ಕೊನೆಯಲ್ಲಿ ಪುಸ್ತಕ ವಾಪಸ್ ಕೊಡದವರ ಪಟ್ಟಿ ತೆಗೆದಾಗ ಅದರಲ್ಲಿ ಪ್ರಥಮ ಪಿಯುಸಿಯ ಒಬ್ಬ ವಿದ್ಯಾರ್ಥಿನಿಯ ನೋಂದಣಿ ಸಂಖ್ಯೆ ಇತ್ತು. ಭೌತಶಾಸ್ತ್ರದ ಪುಸ್ತಕ ಬಂದಿಲ್ಲ, ಹಣ ಕಟ್ಟಬೇಕು ಎಂದು ಆಕೆಗೆ ಹೇಳಲಾಯಿತು. “ನಾನು ಹೋದ ವಾರವೇ ಕೊಟ್ಟಿದ್ದೇನೆ ಸರ್” ಎಂದು ಆಕೆ ಎಷ್ಟು ಹೇಳಿದರೂ ಕಂಪ್ಯೂಟರಿನ ಪಟ್ಟಿಯ ಮುಂದೆ ಆ ಮಾತಿಗೆ ಬೆಲೆ ಸಿಗಲಿಲ್ಲ. ಕೊನೆಗೆ ಹುಡುಕಿದರೆ ಪುಸ್ತಕ ಕಪಾಟಿನಲ್ಲೇ ಇತ್ತು. ಪಟ್ಟಿಯಲ್ಲಿದ್ದ ಇನ್ನೂ ಹಲವರ ಕಥೆ ಇದೇ ಆಗಿತ್ತು.

ತಪ್ಪು ಎಲ್ಲಿ ಆಯಿತು ಎಂದು ಹುಡುಕುತ್ತಾ ಹೋದಾಗ ನಾವು ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಒಂದೇ ಬಾಗಿಲು, ಹಲವು ಉಗ್ರಾಣ

ಪೈಥಾನ್‌ನಲ್ಲಿ ಡಿಬಿಎಂ ಎಂಬ ಮಾಡ್ಯೂಲ್ ಇದೆ. ಡಿಕ್ಷನರಿಯಲ್ಲಿ ಮಾಡುವಂತೆ ಒಂದು ಕೀಗೆ ಒಂದು ಮೌಲ್ಯವನ್ನು ಇಡಬಹುದು. ಪ್ರೋಗ್ರಾಂ ಮುಗಿದ ಮೇಲೂ ಅದು ಡಿಸ್ಕಿನಲ್ಲಿ ಉಳಿಯುತ್ತದೆ. ಈ ಹೆಸರು ಹಳೆಯದು. ಯೂನಿಕ್ಸ್‌ನ ಜನಕರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಬರೆದ ಡಿಬಿಎಂ 1979ರಲ್ಲಿ ಹೊರಬಂತು. ಅದೇ ಮಾದರಿಯ ಎನ್‌ಡಿಬಿಎಂ 1986ರಲ್ಲಿ ಬರ್ಕ್‌ಲಿಯಿಂದ ಬಂತು. ಮುಂದೆ ಗ್ನು ಯೋಜನೆಯವರು ತಮ್ಮದೇ ಜಿಡಿಬಿಎಂ ಬರೆದರು.

ಪೈಥಾನ್‌ನ ಡಿಬಿಎಂ ಸ್ವತಃ ಏನನ್ನೂ ಸಂಗ್ರಹಿಸುವುದಿಲ್ಲ. ಅದು ಬಾಗಿಲು ಮಾತ್ರ. ಅದರ ಹಿಂದೆ ಗ್ನು, ಎನ್‌ಡಿಬಿಎಂ, ಡಂಬ್ ಎಂಬ ಮೂರು ಉಗ್ರಾಣಗಳು ಮೊದಲಿನಿಂದ ಇದ್ದವು. 2024ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.13ರಲ್ಲಿ ಎಸ್‌ಕ್ಯೂಲೈಟ್ ಎಂಬ ನಾಲ್ಕನೆಯದು ಸೇರಿತು. ಇಂಥ ಉಗ್ರಾಣಗಳನ್ನೇ ಸಾಫ್ಟ್‌ವೇರ್ ಭಾಷೆಯಲ್ಲಿ ಸ್ಟೋರೇಜ್ ಬ್ಯಾಕೆಂಡ್ ಎನ್ನುತ್ತಾರೆ. ಹೊಸ ಫೈಲ್ ತೆರೆಯುವಾಗ ಯಾವುದನ್ನು ಬಳಸಬೇಕೆಂದು ನಾವು ಹೇಳದಿದ್ದರೆ, ಆ ಕಂಪ್ಯೂಟರಿನಲ್ಲಿ ಇರುವುದನ್ನು ನೋಡಿ ಡಿಬಿಎಂ ತಾನೇ ಒಂದನ್ನು ಆರಿಸುತ್ತದೆ.

ನಮ್ಮ ಎಡವಟ್ಟು ಇಲ್ಲಿಯೇ ಇತ್ತು. ಮನೆಯ ಲ್ಯಾಪ್‌ಟಾಪಿನಲ್ಲಿ ಪೈಥಾನ್ 3.13 ಇದ್ದುದರಿಂದ ಅದು ಎಸ್‌ಕ್ಯೂಲೈಟ್ ಆರಿಸಿಕೊಂಡಿತು. ಲ್ಯಾಬಿನ ವಿಂಡೋಸ್ ಕಂಪ್ಯೂಟರಿನಲ್ಲಿ ಹಳೆಯ ಪೈಥಾನ್ ಇತ್ತು. ವಿಂಡೋಸ್‌ನ ಪೈಥಾನ್ ಜೊತೆ ಗ್ನು, ಎನ್‌ಡಿಬಿಎಂ ಬರುವುದಿಲ್ಲ. ಹಾಗಾಗಿ ಅಲ್ಲಿ ಸಿಕ್ಕಿದ್ದು ಡಂಬ್. ಮನೆಯಿಂದ ತಂದ ಫೈಲ್ ಲ್ಯಾಬಿನಲ್ಲಿ ತೆರೆಯಲೇ ಇಲ್ಲ, ಡೇಟಾಬೇಸ್‌ನ ವಿಧ ತಿಳಿಯುತ್ತಿಲ್ಲ ಎಂಬ ಎರರ್ ಬಂತು. ನಾವು ಎಲ್ಲವನ್ನೂ ಮತ್ತೆ ಟೈಪ್ ಮಾಡಿ ಮುಂದೆ ಹೋದೆವು. ಆಗಲೇ ನಿಂತು ಯೋಚಿಸಬೇಕಿತ್ತು.

ಪುಸ್ತಕ ಕೊಡುವಾಗ ವಿದ್ಯಾರ್ಥಿಯ ನೋಂದಣಿ ಸಂಖ್ಯೆಯನ್ನು ಕೀಬೋರ್ಡಿನಿಂದ ಪಡೆದು ಹಾಗೆಯೇ ಇಡುತ್ತಿದ್ದೆವು. ಹಾಗೆ ಪಡೆದದ್ದು ಸ್ಟ್ರಿಂಗ್ ಆಗಿರುತ್ತದೆ. ವಾಪಸ್ ಬಂದಾಗ ಆ ಜಾಗದಲ್ಲಿ 0 ಎಂಬ ಪೂರ್ಣಾಂಕ ಇಡುತ್ತಿದ್ದೆವು. ಎಸ್‌ಕ್ಯೂಲೈಟ್ ಉಗ್ರಾಣ ಪೂರ್ಣಾಂಕವನ್ನು ಬೈಟ್ಸ್ ಆಗಿ ಬದಲಾಯಿಸಿ ಸುಮ್ಮನೆ ಒಳಗಿಟ್ಟುಕೊಳ್ಳುತ್ತದೆ. ಡಂಬ್ ಹಾಗಲ್ಲ, ಮೌಲ್ಯ ಬೈಟ್ಸ್ ಅಥವಾ ಸ್ಟ್ರಿಂಗ್ ಆಗಿರಬೇಕು ಎಂದು ಟೈಪ್ ಎರರ್ ಎಸೆಯುತ್ತದೆ. ಆ ಎರರ್ ಕಂಡಿದ್ದರೂ ಸಾಕಿತ್ತು. ಆದರೆ ಪ್ರೋಗ್ರಾಂ ಮಧ್ಯೆ ನಿಲ್ಲಬಾರದೆಂದು ನಾವು ಟ್ರೈ-ಎಕ್ಸೆಪ್ಟ್ ಹಾಕಿ ಎಲ್ಲ ಎರರ್‌ಗಳನ್ನೂ ನುಂಗಿಬಿಟ್ಟಿದ್ದೆವು. ಪರಿಣಾಮವಾಗಿ ಕೊಟ್ಟ ಲೆಕ್ಕ ದಾಖಲಾಯಿತು, ವಾಪಸ್ ಬಂದ ಲೆಕ್ಕ ದಾಖಲಾಗಲಿಲ್ಲ.

ಎಲ್ಲ ಕೇಂದ್ರಗಳಿಗೂ ಒಂದೇ ಪತ್ರಿಕೆ

ನಮ್ಮ ವಾರ್ಷಿಕ ಪರೀಕ್ಷೆಯನ್ನೇ ನೋಡಿ. ಬೀದರಿನ ವಿದ್ಯಾರ್ಥಿಗೂ ಮಂಗಳೂರಿನ ವಿದ್ಯಾರ್ಥಿಗೂ ಪ್ರಶ್ನೆಪತ್ರಿಕೆ ಒಂದೇ. ಪ್ರತಿ ಕಾಲೇಜು ತನ್ನ ಮಕ್ಕಳಿಗೆ ತಾನೇ ಪತ್ರಿಕೆ ಬರೆದುಕೊಂಡರೆ ಎಲ್ಲರೂ ಪಾಸಾಗಬಹುದು, ಆದರೆ ಆ ಅಂಕಗಳನ್ನು ಹೋಲಿಸಲು ಬರುವುದಿಲ್ಲ. ಉಗ್ರಾಣಗಳ ವಿಷಯವೂ ಹೀಗೆಯೇ. ಪ್ರತಿಯೊಂದಕ್ಕೂ ಬೇರೆ ಬೇರೆ ಟೆಸ್ಟ್ ಬರೆದರೆ ಪ್ರತಿಯೊಂದೂ ತನ್ನ ಮಟ್ಟಿಗೆ ಸರಿ ಎಂದಷ್ಟೇ ತಿಳಿಯುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬಹುದೇ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಎಲ್ಲವೂ ಒಂದೇ ಪತ್ರಿಕೆಗೆ ಉತ್ತರ ಬರೆಯಬೇಕು.

ಪೈಥಾನ್ ಕಟ್ಟುವವರು ಮಾಡಿರುವುದೂ ಅದನ್ನೇ. ಪೈಥಾನ್‌ನ ಮೂಲಕೋಡಿನಲ್ಲಿ ಡಿಬಿಎಂಗಾಗಿ ಒಂದು ಟೆಸ್ಟ್ ಫೈಲ್ ಇದೆ. ಅದರಲ್ಲಿ ಒಂದು ಸಾಮಾನ್ಯ ಕ್ಲಾಸ್ ಇದ್ದು, ಎಲ್ಲ ಪ್ರಶ್ನೆಗಳೂ ಅದರೊಳಗೆ ಇವೆ. ಹೊಸ ಫೈಲ್ ರಚನೆಯಾಗುತ್ತದೆಯೇ, ಇಟ್ಟ ಕೀಗಳೆಲ್ಲ ಸಿಗುತ್ತವೆಯೇ, ಇಲ್ಲದ ಫೈಲನ್ನು ಓದಲು ಹೋದರೆ ಸರಿಯಾದ ಎರರ್ ಬರುತ್ತದೆಯೇ ಎಂಬಂಥ ಪ್ರಶ್ನೆಗಳು. ಟೆಸ್ಟ್ ಓಡಿಸುವಾಗ ಆ ಕಂಪ್ಯೂಟರಿನಲ್ಲಿ ಇರುವ ಪ್ರತಿ ಉಗ್ರಾಣಕ್ಕೂ ಈ ಕ್ಲಾಸಿನಿಂದ ಒಂದೊಂದು ಉಪಕ್ಲಾಸ್ ಹುಟ್ಟುತ್ತದೆ. ಉಪಕ್ಲಾಸ್ ಮುಖ್ಯವಾಗಿ ಹೇಳುವುದು “ಈ ಸಲದ ಅಭ್ಯರ್ಥಿ ಯಾರು” ಎಂಬುದನ್ನು.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಪ್ರಶ್ನೆಗಳಿರುವ ಸಾಮಾನ್ಯ ಕ್ಲಾಸನ್ನು ಯೂನಿಟ್‌ಟೆಸ್ಟಿನ ಟೆಸ್ಟ್‌ಕೇಸಿನಿಂದ ನೇರವಾಗಿ ಪಡೆಯಬಾರದು. ಪಡೆದರೆ ಯೂನಿಟ್‌ಟೆಸ್ಟ್ ಅದನ್ನೂ ಒಬ್ಬ ಅಭ್ಯರ್ಥಿ ಎಂದು ತಿಳಿದು ಓಡಿಸಲು ಹೋಗುತ್ತದೆ. ಉಗ್ರಾಣವೇ ಇಲ್ಲದ ಕಾರಣ ಎಲ್ಲ ಟೆಸ್ಟೂ ಬಿದ್ದುಹೋಗುತ್ತವೆ. ಹಾಗಾಗಿ ಟೆಸ್ಟ್‌ಕೇಸನ್ನು ಉಪಕ್ಲಾಸಿನ ಹಂತದಲ್ಲಿ ಸೇರಿಸುತ್ತಾರೆ.

ಪತ್ರಿಕೆ ತಯಾರಿಸುವುದು ಹೇಗೆ?

ಮೊದಲು ಒಪ್ಪಂದ. ಕೋಡ್ ಮುಟ್ಟುವ ಮೊದಲು ಉಗ್ರಾಣ ಏನನ್ನು ಮಾಡಲೇಬೇಕು ಎಂಬುದನ್ನು ಸರಳ ವಾಕ್ಯಗಳಲ್ಲಿ ಬರೆಯಬೇಕು. ಇಟ್ಟದ್ದು ಹಾಗೆಯೇ ಸಿಗಬೇಕು. ಫೈಲ್ ಮುಚ್ಚಿ ಮತ್ತೆ ತೆರೆದರೂ ಸಿಗಬೇಕು. ಇಲ್ಲದ ಕೀ ಕೇಳಿದರೆ ಕೀ ಎರರ್ ಬರಬೇಕು. ಒಂದೊಂದು ವಾಕ್ಯವೂ ಒಂದೊಂದು ಟೆಸ್ಟ್ ಆಗುತ್ತದೆ.

ಎರಡನೆಯದು, ಒಪ್ಪಂದದಲ್ಲಿ ಇಲ್ಲದ್ದನ್ನು ಕೇಳಬಾರದು. ಕೀಗಳು ಯಾವ ಕ್ರಮದಲ್ಲಿ ಬರುತ್ತವೆ ಎಂಬ ಭರವಸೆ ಡಿಬಿಎಂನಲ್ಲಿ ಇಲ್ಲ. ಗ್ನು ಉಗ್ರಾಣ ತನ್ನ ಒಳಗಿನ ಹ್ಯಾಶ್ ಲೆಕ್ಕದ ಕ್ರಮದಲ್ಲಿ ಕೀಗಳನ್ನು ಕೊಡುತ್ತದೆ. ನಾವು ಇಟ್ಟ ಕ್ರಮದಲ್ಲೇ ಬರಲಿ ಎಂದು ಟೆಸ್ಟ್ ಬರೆದರೆ ಸರಿಯಾಗಿರುವ ಉಗ್ರಾಣವನ್ನೂ ಫೇಲ್ ಮಾಡಿದಂತಾಗುತ್ತದೆ. ಆದ್ದರಿಂದ ಎರಡೂ ಪಟ್ಟಿಗಳನ್ನು ಸಾರ್ಟ್ ಮಾಡಿ ಹೋಲಿಸಬೇಕು. ಡಿಸ್ಕಿನ ಫೈಲ್ ಹೆಸರುಗಳ ವಿಷಯವೂ ಇಷ್ಟೇ. ಡಂಬ್ ಒಂದೇ ಡೇಟಾಬೇಸಿಗೆ ಎರಡು ಫೈಲ್‌ಗಳನ್ನು ಬಳಸಿದರೆ ಎಸ್‌ಕ್ಯೂಲೈಟ್ ನಾವು ಕೊಟ್ಟ ಹೆಸರಿನಲ್ಲೇ ಒಂದು ಫೈಲ್ ಮಾಡುತ್ತದೆ. ಟೆಸ್ಟ್ ಬಾಗಿಲಿನ ಮೂಲಕ ಮಾತ್ರ ವ್ಯವಹರಿಸಬೇಕು, ಕಿಟಕಿಯಿಂದ ಇಣುಕಬಾರದು.

ಮೂರನೆಯದು, ಪ್ರತಿ ಟೆಸ್ಟಿಗೂ ಹೊಸ ಖಾಲಿ ಫೋಲ್ಡರ್. ಹಿಂದಿನ ಟೆಸ್ಟ್ ಬಿಟ್ಟುಹೋದ ಫೈಲ್ ಮುಂದಿನದಕ್ಕೆ ಸಿಕ್ಕರೆ ಫಲಿತಾಂಶವನ್ನು ನಂಬಲಾಗುವುದಿಲ್ಲ.

ನಾಲ್ಕನೆಯದು, ತಪ್ಪು ಬಳಕೆಯನ್ನೂ ಪರೀಕ್ಷಿಸಬೇಕು. ಸರಿಯಾಗಿ ಬಳಸಿದಾಗ ಉಗ್ರಾಣಗಳೆಲ್ಲ ಸಾಮಾನ್ಯವಾಗಿ ಒಂದೇ ತರಹ ಇರುತ್ತವೆ. ವ್ಯತ್ಯಾಸ ಕಾಣುವುದು ತಪ್ಪಾದಾಗ. ಡಂಬ್ ಉಗ್ರಾಣವೇ ಇದಕ್ಕೆ ಸಾಕ್ಷಿ. 2019ರಲ್ಲಿ ಪೈಥಾನ್ 3.8 ಬರುವವರೆಗೆ, “ಓದಲು ಮಾತ್ರ” ಎಂದು ತೆರೆದರೂ ಅದು ಇಲ್ಲದ ಡೇಟಾಬೇಸನ್ನು ಹೊಸದಾಗಿ ಸೃಷ್ಟಿಸಿಬಿಡುತ್ತಿತ್ತು. ಫೈಲಿನ ಹೆಸರನ್ನು ತಪ್ಪಾಗಿ ಟೈಪ್ ಮಾಡಿದವನಿಗೆ ಎರರ್ ಬದಲು ಖಾಲಿ ಪಟ್ಟಿ ಸಿಗುತ್ತಿತ್ತು. ಅದನ್ನು 3.8ರಲ್ಲಿ ಸರಿಪಡಿಸಲಾಯಿತು.

ಐದನೆಯದು, ಗೈರುಹಾಜರಾದವರನ್ನು ಪಾಸ್ ಎನ್ನಬಾರದು. ಒಂದು ಉಗ್ರಾಣ ಆ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅದರ ಟೆಸ್ಟ್‌ಗಳು ಓಡುವುದೇ ಇಲ್ಲ. ಕೊನೆಗೆ “ಎಲ್ಲ ಸರಿ” ಎಂದು ಬರುತ್ತದೆ. ಎಲ್ಲ ಎಂದರೆ ಹಾಜರಿದ್ದವರು ಮಾತ್ರ. ಆದ್ದರಿಂದ ಯಾವ ಯಾವ ಉಗ್ರಾಣ ಪರೀಕ್ಷೆಗೆ ಕೂತಿತ್ತು ಎಂಬ ಹಾಜರಿ ಪಟ್ಟಿಯನ್ನೂ ಮುದ್ರಿಸಬೇಕು.

ಪ್ರತಿ ಉಗ್ರಾಣಕ್ಕೆ ಅದರದ್ದೇ ಆದ ವಿಶೇಷಗಳೂ ಇರುತ್ತವೆ. ಅವುಗಳಿಗೆ ಬೇರೆ ಟೆಸ್ಟ್ ಫೈಲ್ ಇರಲಿ. ಪೈಥಾನ್‌ನಲ್ಲೂ ಸಾಮಾನ್ಯ ಫೈಲಿನ ಜೊತೆಗೆ ನಾಲ್ಕು ಉಗ್ರಾಣಗಳಿಗೂ ಪ್ರತ್ಯೇಕ ಟೆಸ್ಟ್ ಫೈಲ್‌ಗಳಿವೆ. ಸಾಮಾನ್ಯ ಪತ್ರಿಕೆಯಲ್ಲಿ “ಡಂಬ್ ಆಗಿದ್ದರೆ ಹೀಗೆ, ಗ್ನು ಆಗಿದ್ದರೆ ಹಾಗೆ” ಎಂದು ಬರೆಯತೊಡಗಿದರೆ ಅದು ಸಾಮಾನ್ಯ ಪತ್ರಿಕೆಯಾಗಿ ಉಳಿಯುವುದಿಲ್ಲ.

ನಾವು ಮಾಡಿದ್ದು

ನಮ್ಮ ಪತ್ರಿಕೆಯಲ್ಲಿ ಹನ್ನೆರಡು ಪ್ರಶ್ನೆಗಳಿವೆ. ಪೈಥಾನ್ 3.13 ಇರುವ ವಿಂಡೋಸ್ ಲ್ಯಾಪ್‌ಟಾಪ್ ಒಂದರಲ್ಲೇ ಎಸ್‌ಕ್ಯೂಲೈಟ್, ಡಂಬ್ ಎರಡನ್ನೂ ಹೆಸರು ಹೇಳಿ ಕೂರಿಸಬಹುದು. “ಪೂರ್ಣಾಂಕ ಇಡಲು ಹೋದರೆ ಟೈಪ್ ಎರರ್ ಬರಬೇಕು” ಎಂಬ ಪ್ರಶ್ನೆಯಲ್ಲಿ ಡಂಬ್ ಪಾಸಾಯಿತು, ಎಸ್‌ಕ್ಯೂಲೈಟ್ ಫೇಲಾಯಿತು. ಇಡೀ ವರ್ಷ ನಮಗೆ ಕಾಣದ ತಪ್ಪು ಕೆಲವೇ ಕ್ಷಣಗಳಲ್ಲಿ ಎದುರಿಗೆ ಬಂದು ನಿಂತಿತು.

ಯಾವುದು ಸರಿ ಎಂಬ ಚರ್ಚೆ ನಮ್ಮಲ್ಲಿ ನಡೆಯಿತು. ಪೂರ್ಣಾಂಕವನ್ನು ಒಪ್ಪಿಕೊಳ್ಳುವುದು ಉದಾರತೆ ಅಲ್ಲವೇ ಎಂದು ಒಬ್ಬ ಗೆಳೆಯ ಕೇಳಿದ. ಎಸ್‌ಕ್ಯೂಲೈಟ್ ಒಂದನ್ನೇ ಬಳಸುವವನಿಗೆ ಅದು ಉದಾರತೆಯೇ. ಆದರೆ ಉಗ್ರಾಣ ಬದಲಾಗಬಹುದಾದ ಕಡೆ ಒಂದರ ಉದಾರತೆ ಇನ್ನೊಂದರಲ್ಲಿ ಗುಂಡಿಯಾಗುತ್ತದೆ. ಕೊನೆಗೆ ಉಗ್ರಾಣದ ಮುಂದೆ ನಮ್ಮದೇ ಒಂದು ತೆಳುವಾದ ಪದರ ಬರೆದೆವು. ಸ್ಟ್ರಿಂಗ್ ಅಲ್ಲದ್ದನ್ನು ಅದು ಬಾಗಿಲಲ್ಲೇ ತಡೆಯುತ್ತದೆ. ಈಗ ಎರಡೂ ಉಗ್ರಾಣಗಳು ಹನ್ನೆರಡಕ್ಕೆ ಹನ್ನೆರಡು ಅಂಕ ಪಡೆಯುತ್ತವೆ. ಎರರ್ ನುಂಗುತ್ತಿದ್ದ ಟ್ರೈ-ಎಕ್ಸೆಪ್ಟನ್ನು ತೆಗೆದುಹಾಕಿದ್ದೇವೆ.

ಬೇಗ ಟೆಸ್ಟ್ ಮಾಡಲೆಂದು ಡಿಸ್ಕ್ ಬಿಟ್ಟು ಬರೀ ಡಿಕ್ಷನರಿಯನ್ನೇ ಉಗ್ರಾಣದಂತೆ ಬಳಸುವ ರೂಢಿ ಹಲವರಲ್ಲಿದೆ. ಅದೂ ಇದೇ ಪತ್ರಿಕೆಗೆ ಕೂರಬೇಕು. ಡಿಕ್ಷನರಿ ಏನು ಕೊಟ್ಟರೂ ಇಟ್ಟುಕೊಳ್ಳುತ್ತದೆ, ಸ್ಟ್ರಿಂಗ್ ಇಟ್ಟರೆ ಸ್ಟ್ರಿಂಗನ್ನೇ ಮರಳಿಸುತ್ತದೆ. ಡಿಬಿಎಂ ಮರಳಿಸುವುದು ಬೈಟ್ಸ್. ಪರೀಕ್ಷೆಗೆ ಕೂರದ ನಕಲಿಯನ್ನು ನಂಬಿ ಬರೆದ ಪ್ರೋಗ್ರಾಂ ಅಸಲಿಯ ಮುಂದೆ ಮುಗ್ಗರಿಸುತ್ತದೆ.

ಪತ್ರಿಕೆಯ ಮಿತಿ

ಪರೀಕ್ಷೆಯಲ್ಲಿ ಪಾಸಾದವನಿಗೆ ಎಲ್ಲವೂ ಗೊತ್ತು ಎಂದಲ್ಲ, ಕೇಳಿದ್ದಕ್ಕೆ ಉತ್ತರ ಬರೆದಿದ್ದಾನೆ ಎಂದಷ್ಟೇ ಅರ್ಥ. ಮ್ಯಾಕ್ ಕಂಪ್ಯೂಟರಿನಲ್ಲಿ ಬರುವ ಎನ್‌ಡಿಬಿಎಂಗೆ ಮೌಲ್ಯದ ಗಾತ್ರದ ಮೇಲೆ ಎಲ್ಲಿಯೂ ಬರೆದಿಡದ ಮಿತಿಯಿದೆ, ಅದನ್ನು ಮೀರಿದರೆ ಫೈಲ್ ಕೆಡಬಹುದು ಎಂದು ಪೈಥಾನ್‌ನ ಕೈಪಿಡಿಯೇ ಎಚ್ಚರಿಸುತ್ತದೆ. ಸಣ್ಣ ಮೌಲ್ಯಗಳನ್ನು ಮಾತ್ರ ಕೇಳುವ ಪತ್ರಿಕೆಗೆ ಇದು ಎಂದೂ ಕಾಣದು. ಎರಡು ಪ್ರೋಗ್ರಾಂಗಳು ಒಂದೇ ಡೇಟಾಬೇಸಿಗೆ ಸರದಿಯಲ್ಲಿ ಬರೆಯತೊಡಗಿದರೆ ಡಂಬ್‌ನ ಸೂಚಿ ಕೆಡಬಹುದು. ಇಂಥದ್ದೊಂದು ತಿಳಿದುಬಂದ ದಿನವೇ ಅದನ್ನು ಹೊಸ ಪ್ರಶ್ನೆಯಾಗಿ ಸೇರಿಸಬೇಕು. ಒಂದು ಉಗ್ರಾಣದಲ್ಲಿ ಕಂಡ ದೋಷವನ್ನು ಸಾಮಾನ್ಯ ಪತ್ರಿಕೆಗೆ ಸೇರಿಸಿದರೆ ಉಳಿದ ಉಗ್ರಾಣಗಳೂ, ಮುಂದೆ ಬರಲಿರುವವೂ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಆ ವಿದ್ಯಾರ್ಥಿನಿಯ ಬಳಿ ನಾವು ನಾಲ್ವರೂ ಹೋಗಿ ಕ್ಷಮೆ ಕೇಳಿದೆವು. ಆಕೆ ನಕ್ಕು, “ಪರವಾಗಿಲ್ಲ, ಆದರೆ ಇನ್ನು ಮೇಲೆ ವಾಪಸ್ ಕೊಟ್ಟಾಗ ಚೀಟಿ ಕೊಡಿ” ಎಂದಳು. ಈಗ ಪುಸ್ತಕ ವಾಪಸ್ ಕೊಟ್ಟವರಿಗೆಲ್ಲ ಚೀಟಿ ಕೊಡುತ್ತೇವೆ. ಫೈಲನ್ನು ಮುಚ್ಚಿ ಮತ್ತೆ ತೆರೆದು ಓದಿ, ಅಲ್ಲಿ ನಿಜಕ್ಕೂ 0 ಇದೆ ಎಂದು ಖಚಿತವಾದ ಮೇಲೆಯೇ ಆ ಚೀಟಿ ಮುದ್ರಣವಾಗುತ್ತದೆ. ನಮ್ಮ ಪತ್ರಿಕೆಯ ಹನ್ನೆರಡೂ ಪ್ರಶ್ನೆಗಳನ್ನು ಲ್ಯಾಬಿನ ಗೋಡೆಗೆ ಅಂಟಿಸಿದ್ದೇವೆ. ಹದಿಮೂರನೆಯದು ಹೊಳೆದವರು ಅದರ ಕೆಳಗೆ ಬರೆದು ಹೋಗಬಹುದು.